ಇಲ್ಲದ ಜನ ಎಳೆದ ಬಲೆ

ನನ್ನ ಮೊಬೈಲಿನಲ್ಲಿ ಒಂದು ಬಂಗುಡೆ ಇದೆ. ಅದಕ್ಕೆ ರೆಪ್ಪೆಗಳಿವೆ. ಉಪ್ಪು ಹಚ್ಚಿ ಒಣಗಲು ಹಾಕಿದ ಮೀನು ಅದು. ಹೊಟ್ಟೆ ಸೀಳಿದೆ, ಕರುಳು ಯಾವಾಗಲೋ ಕಾಗೆಯ ಪಾಲಾಗಿದೆ. ಆದರೂ ಚಾಪೆಯ ಮೇಲೆ ಮಲಗಿದಲ್ಲಿಂದಲೇ ನಿಧಾನಕ್ಕೆ ರೆಪ್ಪೆ ತೆರೆದು, ನನ್ನನ್ನು ನೋಡಿ, ಒಂದು ಕಣ್ಣು ಹೊಡೆಯುತ್ತದೆ. ಜಾಗ ಇಲ್ಲ, ಜಾಗ ಇಲ್ಲ ಎಂದು ಮೊಬೈಲು ಗೋಳಾಡಿದಾಗಲೆಲ್ಲ ಇದನ್ನು ಅಳಿಸಿಬಿಡುವ ಎಂದು ಹೊರಡುತ್ತೇನೆ. ಅಕ್ಕನ ಮದುವೆಯ ಫೋಟೋ ಅಳಿಸಿದ್ದೇನೆ, ನನ್ನದೇ ಡಿಗ್ರಿ ಸರ್ಟಿಫಿಕೇಟಿನ ಫೋಟೋ ಅಳಿಸಿದ್ದೇನೆ, ಬಂಗುಡೆ ಅಳಿಸಲು ಮಾತ್ರ ಬೆರಳು ಬರುವುದಿಲ್ಲ. ನೀವೇ ಹೇಳಿ, ಇಷ್ಟು ಸಲುಗೆಯಿಂದ ನಿಮ್ಮ ಕಡೆ ಕಣ್ಣು ಹೊಡೆದವರು ಬದುಕಿನಲ್ಲಿ ಎಷ್ಟು ಮಂದಿ? ನನಗೆ ಇದೊಂದೇ.

ಒಣಮೀನಿಗೂ ನನಗೂ ಹಳೆಯ ನಂಟು. ಸತ್ಯ ಹೇಳಬೇಕೆಂದರೆ ನನ್ನ ಮೊದಲ ಉದ್ಯೋಗವೇ ಕಾಗೆ ಓಡಿಸುವುದು. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಬೈಂದೂರಿನ ಹತ್ತಿರ ಕಡಲ ಬದಿಯಲ್ಲಿರುವ ಲೀಲಾ ಚಿಕ್ಕಮ್ಮನ ಮನೆಗೆ ಸಾಗಹಾಕುತ್ತಿದ್ದರು. ಅಂಗಳದ ತುಂಬ ತೆಂಗಿನ ಮಡಲು ಹೆಣೆದ ತಟ್ಟಿ, ತಟ್ಟಿಯ ತುಂಬ ಸಿಗಡಿ. ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತಾರೆ. ಹತ್ತು ಗಂಟೆಯ ಬಿಸಿಲಿಗೆ ಅದು ಒಣಗತೊಡಗಿದಾಗ ಒಂದು ಪರಿಮಳ ಏಳುತ್ತದೆ. ಪರಿಮಳ ಎಂದದ್ದಕ್ಕೆ ಘಟ್ಟದ ಮೇಲಿನವರು ಮೂಗು ಮುಚ್ಚಿಕೊಂಡೇ ಓದಿ, ಬೇಸರವಿಲ್ಲ. ಆ ಪರಿಮಳಕ್ಕೆ ನನಗೆ ನಿದ್ದೆ ಬರುತ್ತಿತ್ತು. ಕೋಲು ಹಿಡಿದು ಕೂತವನು ಕೋಲಿನ ಮೇಲೆಯೇ ತೂಕಡಿಸಿದೆ; ಕೊನೆಗೆ ಒಂದು ಕಾಗೆ ಬಂದು ನನ್ನ ಕೈಯಲ್ಲಿದ್ದ ಬಿಸ್ಕತ್ತನ್ನೇ ತೆಗೆದುಕೊಂಡು ಹೋಯಿತು. ಚಿಕ್ಕಮ್ಮ ಅಂದೇ ನನ್ನನ್ನು ಕೆಲಸದಿಂದ ತೆಗೆದು ನನ್ನ ಜಾಗದಲ್ಲಿ ಹಳೆಯ ಕಪ್ಪು ಕೊಡೆಯೊಂದನ್ನು ಕಟ್ಟಿದಳು. ಕೊಡೆ ನನಗಿಂತ ಚೆನ್ನಾಗಿ ದುಡಿಯಿತು. ಯಂತ್ರ ಬಂದು ಮನುಷ್ಯರ ಕೆಲಸ ಕಸಿಯುತ್ತದೆ ಎಂದು ಈಗ ಎಲ್ಲರೂ ಹೆದರುತ್ತಾರಲ್ಲ, ನನ್ನದನ್ನು ಒಂದು ಹರಕು ಕೊಡೆ ಆಗಲೇ ಕಸಿದಾಗಿತ್ತು.

ಈಗ ನಾನು ಬೈಂದೂರಿನ ಒಂದು ಅಂಗಡಿಯಲ್ಲಿ ಮೊಬೈಲಿಗೆ ಗ್ಲಾಸ್ ಅಂಟಿಸುತ್ತೇನೆ. ನಾನು ಅಂಟಿಸಿದ ಗ್ಲಾಸಿನೊಳಗೆ ಗುಳ್ಳೆಗಳು ಇರುತ್ತವೆ. ಗಿರಾಕಿಗಳಿಗೆ ಅದು ಹೊಸ ಡಿಸೈನ್ ಎನ್ನುತ್ತೇನೆ. ಆದರೆ ನಮ್ಮ ಕುಟುಂಬದ ಲೆಕ್ಕದಲ್ಲಿ ಮೊಬೈಲನ್ನು ಮುಟ್ಟುವವನು ಎಂದರೆ ವಿಜ್ಞಾನಿ. ಹಾಗಾಗಿ ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮನಿಗೆ ವಿಡಿಯೋದ ಕಷ್ಟ ಬಂದಾಗ ಅವಳು ನೇರ ನನ್ನ ಹತ್ತಿರ ಬಂದಳು.

ಕಷ್ಟ ಏನೆಂದರೆ, ಚಿಕ್ಕಮ್ಮ ಒಣ ಚಟ್ಲಿಯ ಚಟ್ನಿಪುಡಿ ಮಾಡಿ ಬಾಟಲಿಯಲ್ಲಿ ತುಂಬಿಸಿ ಮಾರುತ್ತಾಳೆ. ಮಳೆಗಾಲದಲ್ಲಿ ಹಸಿ ಮೀನಿಲ್ಲದೆ ಊರೆಲ್ಲ ಪರದಾಡುವಾಗ ಅದಕ್ಕೆ ರಾಜಯೋಗ. ಕುಂದಾಪುರದ ವಾಸಣ್ಣನ ಅಂಗಡಿಯ ಎದುರಿನ ಕಪಾಟಿನಲ್ಲಿ ಬಾಟಲಿ ನಿಂತರೆ ಮಳೆಗಾಲ ಪೂರ್ತಿ ಅವಳ ಒಲೆ ಉರಿಯುತ್ತದೆ; ಹಿಂದಿನ ಮೂಲೆಗೆ ಹೋದರೆ ಬಾಟಲಿಯ ಮೇಲೆ ಧೂಳು, ಅಷ್ಟೇ. ಈ ಸಲ ಎದುರಿನ ಜಾಗಕ್ಕೆ ಹೊರಗಿನದೊಂದು ದೊಡ್ಡ ಕಂಪನಿಯ ಪುಡಿ ಬಂದು ನಿಂತಿತ್ತು, ಜೊತೆಗೆ ಬಣ್ಣಬಣ್ಣದ ಒಂದು ವಿಡಿಯೋ. ವಾಸಣ್ಣ ಬಾಗಿಲ ಮೇಲೆ ಹೊಸ ಟಿವಿ ಹಾಕಿಸಿದ್ದ.

"ಬಾಯಗೆ ಇಟ್ರೆ ನಿಮ್ಮ್ ಚಟ್ನಿಯೇ ಗೆಲ್ಲೂದ್ ಲೀಲಕ್ಕ" ಎಂದ ವಾಸಣ್ಣ. "ಆದ್ರೆ ಈಗ ಜನ ಬಾಯಗ್ ಇಡೂಕ್ ಮೊದ್ಲ್ ಕಣ್ಣಗ್ ಇಡ್ತ್ರ್. ನೀವೂ ಒಂದ್ ವಿಡಿಯೋ ತನ್ನಿ. ಮಳೆ ಹಿಡುಕ್ ಮೊದ್ಲ್ ಕಾಂಬ."

ಮೊದಲು ನಾನೇ ಮೊಬೈಲ್ ಹಿಡಿದು ಶೂಟಿಂಗಿಗೆ ಇಳಿದೆ. ಕ್ಯಾಮೆರಾ ಕಂಡದ್ದೇ ಚಿಕ್ಕಮ್ಮ ಪಡಿತರ ಚೀಟಿಯ ಫೋಟೋದಂತೆ ನೆಟ್ಟಗಾದಳು. ಉಸಿರಿಲ್ಲ, ಕಣ್ಣು ಮಿಟುಕಿಸುವುದಿಲ್ಲ. "ಏನಾದ್ರೂ ಮಾತಾಡು" ಎಂದರೆ "ಎಂತ ಮಾತಾಡೂದ್?" ಎಂದು ತುಟಿ ಅಲುಗಿಸದೆ ಕೇಳಿದಳು. ಎಲ್ಲ ಮುಗಿದ ಮೇಲೆ ನೋಡಿದರೆ ವಿಡಿಯೋದ ಅರ್ಧ ಭಾಗದಲ್ಲಿ ಇದ್ದದ್ದು ನನ್ನ ಹೆಬ್ಬೆರಳು.

"ನನ್ನ್ ಮೋರೆ ಕಂಡ್ರೆ ಹೊಸ್ತ್ ಮಾರುದ್ ಬಿಡ್, ಮಾರಿದ್ದೂ ವಾಪಸ್ ಬತ್ತ್" ಎಂದು ಚಿಕ್ಕಮ್ಮ ಕೈಮುಗಿದಳು. "ನಿನ್ನ್ ಹೆಬ್ಬೆಟ್ಟ್ ಕಂಡ್ರೆ ಹೇಳುದೇ ಬ್ಯಾಡ."

ಆಗ ನನ್ನೊಳಗಿನ ವಿಜ್ಞಾನಿ ಎದ್ದ. ಮನುಷ್ಯರೂ ಬೇಡ, ಕ್ಯಾಮೆರಾವೂ ಬೇಡ, ಬಾಯಲ್ಲಿ ಹೇಳಿದ್ದನ್ನು ವಿಡಿಯೋ ಮಾಡಿಕೊಡುವ ಎಐ ಇದೆಯಂತಲ್ಲ! ಹುಡುಕಿದರೆ ಒಂದಲ್ಲ, ಸಂತೆಗೆ ಸಂತೆಯೇ ಇತ್ತು. ಪ್ರತಿಯೊಂದೂ ತಾನೇ ಜಗತ್ತಿನಲ್ಲಿ ಶ್ರೇಷ್ಠ ಎನ್ನುತ್ತಿತ್ತು. ನಾನು ಮೂರನ್ನು ಆರಿಸಿಕೊಂಡೆ. ಆರಿಸಿದ ವಿಧಾನ ಕೇಳಬೇಡಿ. ಅವು ದುಡ್ಡು ಕೇಳದೆ ಮೊದಲ ರುಚಿ ತೋರಿಸುತ್ತಿದ್ದವು, ಅಷ್ಟೇ.

ಚಿಕ್ಕಮ್ಮನ ಜಗಲಿಯಲ್ಲಿ ಕೂತು ಮೊದಲನೆಯದಕ್ಕೆ ಒಂದು ಸಾಲು ಬರೆದೆ. ಕಡಲ ಬದಿ, ಬೆಳಗಿನ ಹೊತ್ತು, ಹೆಂಗಸೊಬ್ಬರು ಸಿಗಡಿ ಒಣಗಿಸುತ್ತಿದ್ದಾರೆ. ಪರದೆಯ ಮೇಲೆ ಒಂದು ಗಾಲಿ ತಿರುಗಿತು. ತಿರುಗುತ್ತಲೇ ಇತ್ತು. ಆಮೇಲೆ ಅಲ್ಲಿ ಬೆಳಗಾಯಿತು.

ಬೇರೆ ಹೇಗೆ ಹೇಳಲಿ? ನನ್ನ ಅಂಗೈಯಲ್ಲಿ ಬೆಳಗಾಯಿತು. ನೀರಿನ ಮೇಲೆ ಬಂಗಾರದ ಹುಡಿ ಚೆಲ್ಲಿದಂತೆ ಬಿಸಿಲು, ಮರಳಿನ ಮೇಲೆ ನೊರೆ ಬಂದು, ನಿಂತು, ಇಂಗಿತು. ನಾನು ಕೊಟ್ಟದ್ದು ಏಳು ಪದ, ಬಂದದ್ದು ಒಂದು ಸಮುದ್ರ. ಎಸ್ಸೆಸ್ಸೆಲ್ಸಿಯಲ್ಲಿ ನಾಲ್ಕು ಪುಟ ಪ್ರಬಂಧ ಬರೆದರೂ ನನಗೆ ಇಷ್ಟು ಫಲ ಸಿಕ್ಕಿರಲಿಲ್ಲ.

ಚಿಕ್ಕಮ್ಮ ನನ್ನ ಹೆಗಲ ಮೇಲಿಂದ ಬಗ್ಗಿದಳು. "ಅಬ್ಬಬ್ಬ! ಇದ್ ಯಾವ್ ಊರ್ ಮಾರಾಯ?"

"ಯಾವ್ ಊರೂ ಅಲ್ಲ ಚಿಕ್ಕಮ್ಮ. ಈಗ ಮಾಡಿದ್ದ್."

"ಊರಿಲ್ದೆ ಕಡಲ್ ಇರತ್ತಾ?" ಎಂದು ಅವಳು ಇನ್ನೂ ಹತ್ತಿರ ಬಂದಳು. ಅಷ್ಟರಲ್ಲಿ ವಿಡಿಯೋದ ಹೆಂಗಸು ಈ ಕಡೆ ತಿರುಗಿದಳು. ಮೈತುಂಬ ಚಿನ್ನ, ಕೆಂಪು ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. ಚಿಕ್ಕಮ್ಮನ ಕಣ್ಣು ಸಣ್ಣದಾಯಿತು. "ಈ ಹೆಣ್ಣಿಗ್ ಎಂತ ಮರ್ಲಾ? ಪಟ್ಟೆ ಸೀರಿ ಉಟ್ಕಂಡ್ ಚಟ್ಲಿ ಒಣಗ್ಸೂಕ್ ಬಂದಿತ್ತಲೆ!"

ಎಷ್ಟು ಸಲ ಬದಲಾಯಿಸಿ ಬರೆದರೂ ಆ ಹೆಂಗಸು ಒಂದು ಬಳೆ ಬಿಚ್ಚಲಿಲ್ಲ. ನಾನು ಆ ಸಾಧನಕ್ಕೆ ಮದುಮಗಳು ಎಂದು ಹೆಸರಿಟ್ಟೆ. ಎರಡನೆಯದು ನಾವು ಕೊಟ್ಟ ಫೋಟೋಗೆ ಜೀವ ಕೊಡುವಂಥದ್ದು. ಅಂಗಳದಲ್ಲಿ ಒಣಗುತ್ತಿದ್ದ ಬಂಗುಡೆಯ ಫೋಟೋ ಹಾಕಿದೆ, ಅದು ನನಗೆ ಕಣ್ಣು ಹೊಡೆದ ಕಥೆ ಆಗಲೇ ಹೇಳಿದ್ದೇನೆ. ಚಟ್ನಿಯ ಬಾಟಲಿ ಹಾಕಿದರೆ ಬಾಟಲಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಓಡಿಹೋಯಿತು. ಚಿಕ್ಕಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಇದಕ್ಕೆ ಕೀಟಲೆ ಎಂದು ಹೆಸರು. ಮೂರನೆಯದು ಮಾತ್ರ ಗಂಭೀರ. "ನಿಮ್ಮ ಮುಂದೆ ಬಹಳ ಜನ ಇದ್ದಾರೆ, ಕಾಯಿರಿ" ಎನ್ನುವ ಗತ್ತು. ಅದು ಸಾಹೇಬರು.

ಒಂದು ಭಾನುವಾರ ಬೆಳಿಗ್ಗೆ ಸಾಹೇಬರಿಗೆ ನಮ್ಮ ದಡದ ಫೋಟೋ ಕೊಟ್ಟು, ಇಲ್ಲಿ ಕೈರಂಪಣಿ ನಡೆಯಲಿ ಎಂದೆ. ಕೈರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ಬಲೆ. ದೋಣಿ ಕಡಲಿನಲ್ಲಿ ಒಂದು ಸುತ್ತು ಬಂದು ಬಲೆ ಬಿಡುತ್ತದೆ. ಅದರ ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವನಿಗೆ ಮೀನಿನಲ್ಲಿ ಪಾಲು. ದಾರಿಹೋಕನಾದರೂ ಸರಿ, ಕೈ ಹಚ್ಚಿದನೋ, ಪಾಲು. ನಮ್ಮ ದಡದಲ್ಲಿ ಬಲೆಯ ಯಜಮಾನಿಕೆ ತಾಂಡೇಲ ಮಂಜಣ್ಣನದು. ಚಿಕ್ಕಮ್ಮನಿಗೆ ಚಟ್ಲಿ ಕೊಡುವವರೂ ಅವರೇ. ಆದರೆ ಈಚೆಗೆ ಎಳೆಯುವ ಕೈಗಳೇ ಸಾಲದೆ ಅವರ ಬಲೆ ಹೆಚ್ಚಿನ ದಿನ ಚಪ್ಪರದಡಿ ಸುಮ್ಮನೆ ಮಲಗಿರುತ್ತಿತ್ತು.

ಸಾಹೇಬರು ಕಾಯಿಸಿ ಕಾಯಿಸಿ ಕೊಟ್ಟದ್ದನ್ನು ನೋಡಿ ನಾನು ಉಸಿರು ಬಿಡಲು ಮರೆತೆ. ಅದೇ ನಮ್ಮ ದಡ, ಅದೇ ಕಡಲಿನ ಕಡೆ ಬಾಗಿದ ತೆಂಗಿನಮರ, ಅದೇ ಆಮೆಯಂಥ ಬಂಡೆ. ಅಲ್ಲಿ ಜನವೋ ಜನ! ಎರಡು ಸಾಲಾಗಿ ಹಗ್ಗ ಹಿಡಿದು ಒಂದೇ ಉಸಿರಿಗೆ ಹಿಂದಕ್ಕೆ ವಾಲುತ್ತಿದ್ದಾರೆ. ಬೆನ್ನ ಮೇಲೆ ಬೆವರು ಹೊಳೆಯುತ್ತಿದೆ. ಬಲೆ ದಡಕ್ಕೆ ಬಂದದ್ದೇ ಮೀನು ಬೆಳ್ಳಿಯ ಗುಡ್ಡದಂತೆ ಎದ್ದು, ಜಾರಿ, ಮರಳು ಕಾಣದಂತೆ ಹರಡಿತು. ಒಬ್ಬನೇ ನೋಡುವುದು ಪಾಪ ಎನ್ನಿಸಿ, ಒಂದು ಅಕ್ಷರವನ್ನೂ ಬರೆಯದೆ, ಅದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ ಸ್ನಾನಕ್ಕೆ ಹೋದೆ.

ನಾನು ಸ್ನಾನಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುವವನು. ವಿಡಿಯೋ ಅಷ್ಟು ಹೊತ್ತಿಗೆ ಕುಟುಂಬ ದಾಟಿ ಊರ ಗುಂಪುಗಳಿಗೆಲ್ಲ ಹೋಗಿತ್ತು. ತಲೆ ಒರೆಸುತ್ತ ಹೊರಗೆ ಬಂದರೆ ಚಿಕ್ಕಮ್ಮನ ಮನೆಯೆದುರಿನ ಓಣಿಯಲ್ಲಿ ರಿಕ್ಷಾಗಳ ಸಾಲು. ಹೆಂಗಸರು ಬುಟ್ಟಿ ಹಿಡಿದು ಕಡಲಿಗೆ ಓಡುತ್ತಿದ್ದಾರೆ. ಐಸ್ ತುಂಬಿದ ಒಂದು ಟೆಂಪೋ ತಿರುವಿನಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿದೆ. ಅಷ್ಟರಲ್ಲಿ ಬ್ರಹ್ಮಾವರದ ಮಾವನ ಫೋನು. "ಹ್ವಾಯ್, ನಂಗೂ ಒಂದ್ ಪಾಲ್ ತೆಗ್ದಿಡ್. ಬಸ್ಸಂಗೆ ಇದ್ದೆ. ಕುಂದಾಪ್ರ ದಾಟ್ತ್!"

ದಡದಲ್ಲಿ ಜಾತ್ರೆ. ನಡುವೆ ತಾಂಡೇಲ ಮಂಜಣ್ಣ, ಕೈಯನ್ನು ಪೂರ್ತಿ ಚಾಚಿ ಮೊಬೈಲನ್ನು ದೂರ ಹಿಡಿದು ನೋಡುತ್ತಿದ್ದಾರೆ. ಮುಖ ಕೆಂಡ. "ನಂಗ್ ಒಂದ್ ಮಾತ್ ಹೇಳ್ದೆ ನಮ್ಮ್ ದಡದಗ್ ಬಲೆ ಬಿಟ್ಟವ್ರ್ ಯಾರ್? ಇವ್ರೆಲ್ಲ ಎಲ್ಲಿಯವ್ರ್?"

"ಈ ಕೆಂಪ್ ಬೈರಾಸ್ ತಲಿಗ್ ಸುತ್ಕಂಡವ ಗಂಗೊಳ್ಳಿಯವ. ನಂಗ್ ಗುರ್ತ್ ಇತ್ತ್" ಎಂದ ಒಬ್ಬ.

"ಗಂಗೊಳ್ಳಿಯವ ಅಲ್ಲ" ಎಂದು ಮೀನು ಮಾರುವ ಗಿರಿಜಕ್ಕ ಅವನ ಬಾಯಿ ಮುಚ್ಚಿಸಿದಳು. "ಅಂವ ನನ್ನ್ ತಮ್ಮನ್ ಹೆಂಡ್ತಿ ಅಣ್ಣ. ಮದಿಗ್ ಬಂದಿದ್ದ, ಎರ್ಡ್ ಸಲ ಪಾಯ್ಸ ಹಾಕ್ಸ್ಕಂಡಿದ್ದ."

ನನಗೆ ನಗು ಬರಲಿಲ್ಲ. ಮಂಜಣ್ಣ ಮುನಿದರೆ ಚಿಕ್ಕಮ್ಮನಿಗೆ ಚಟ್ಲಿ ಇಲ್ಲ. ಚಟ್ಲಿ ಇಲ್ಲದಿದ್ದರೆ ವಾಸಣ್ಣನ ಕಪಾಟಿನಲ್ಲಿ ಇಡುವುದಾದರೂ ಏನನ್ನು, ನನ್ನ ಹೆಬ್ಬೆರಳನ್ನೇ? ನಾನು ಮುಂದೆ ಹೋಗಿ, ಒದ್ದೆ ತಲೆಯಲ್ಲೇ ನಿಂತು, "ಅದು ನಾನು ಮಾಡಿದ್ದು ಮಂಜಣ್ಣ. ಕಂಪ್ಯೂಟರಲ್ಲಿ. ಈ ಜನ ಇಲ್ಲ" ಎಂದೆ.

"ಇಲ್ಲೆ ಅಂದ್ರೆ? ಹೋದ್ರಾ?"

"ಹೋದದ್ದಲ್ಲ. ಇರಲೇ ಇಲ್ಲ."

"ಜನ ಇಲ್ದೆ ಇಷ್ಟ್ ಮೀನ್ ಬಂತಾ?"

"ಮೀನೂ ಇಲ್ಲ."

ಗಿರಿಜಕ್ಕ ಮೊಬೈಲನ್ನು ಕಸಿದು ಮೂಗಿನ ಹತ್ತಿರ ಹಿಡಿದಳು. "ಹಂಗಾರೆ ಈ ಅಲೆ?"

"ಅಲೆಯೂ ಅದೇ ಮಾಡಿದ್ದು."

ಎಲ್ಲರೂ ಒಮ್ಮೆಲೇ ತಿರುಗಿ ಕಡಲನ್ನು ನೋಡಿದರು. ನಾನೂ ನೋಡಿದೆ. ಅದು ಅಲ್ಲಿಯೇ ಇತ್ತು. ಆದರೂ ಒಂದು ಅಲೆ ಬಂದು ಕಾಲು ಮುಟ್ಟುವವರೆಗೆ ಯಾರಿಗೂ ಧೈರ್ಯ ಬರಲಿಲ್ಲ.

ಬೈಗುಳ ಬೀಳುತ್ತದೆಂದು ನಾನು ಕುತ್ತಿಗೆ ಒಳಗೆಳೆದುಕೊಂಡು ನಿಂತಿದ್ದೆ. ಬೀಳಲಿಲ್ಲ. ಮಂಜಣ್ಣ ವಿಡಿಯೋವನ್ನು ಮತ್ತೆ ಹಾಕಿಸಿದರು. ಮತ್ತೆ. ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ, ಬುಟ್ಟಿ ಕೆಳಗಿಟ್ಟು, ದೇವರ ದರ್ಶನಕ್ಕೆ ನಿಂತವರ ಹಾಗೆ ನೋಡಿದರು. "ಇಲ್ಲದವ್ರ್ ಹಿಂಗ್ ಎಳಿತ್ರ್ ಅಲ್ದಾ" ಎಂದರು ಮಂಜಣ್ಣ, ಮೆಲ್ಲಗೆ, ಯಾರಿಗೂ ಅಲ್ಲ. ಅವರ ದಡದಲ್ಲಿ ಅಷ್ಟು ಕೈಗಳನ್ನು ಅವರು ನೋಡಿ ಎಷ್ಟು ಕಾಲವಾಗಿತ್ತೋ.

ಆಗ ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಇಲ್ಲದವ್ರನ್ನ್ ಕಂಡದ್ ಸಾಕ್ ಮಂಜಣ್ಣ. ಇದ್ದವ್ರ್ ಇಷ್ಟ್ ಜನ ಬಂದಿರಲ್ಲೆ! ಬಲೆ ಹಾಕಿ."

ಮಂಜಣ್ಣ ಲುಂಗಿ ಎತ್ತಿ ಕಟ್ಟಿದರು. ಆಮೇಲೆ ಬಲೆಯಿದ್ದ ಚಪ್ಪರದ ಕಡೆ ನಡೆದರು.

ಮುಂದಿನದನ್ನು ವರ್ಣಿಸಲು ನನಗೆ ಸಾಹೇಬರ ಸಹಾಯ ಬೇಕು. ದೋಣಿ ಅಲೆ ಸೀಳಿ ಹೋಯಿತು, ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂತು. ಬ್ರಹ್ಮಾವರದ ಮಾವ ಬಸ್ಸಿಳಿದು ಖಾಲಿ ಚೀಲದ ಸಮೇತ ಓಡಿ ಬಂದು, ಪ್ಯಾಂಟು ಮಡಚುವಷ್ಟೂ ಪುರುಸೊತ್ತಿಲ್ಲದೆ ಹಗ್ಗ ಹಿಡಿದರು. ನಾನು ಅವರ ಹಿಂದೆ. ಹಗ್ಗ ಕೈಗೆ ಬಂದಾಗ ಸತ್ತ ಹಗ್ಗ. ಎಳೆಯತೊಡಗಿದ ಮೇಲೆ ಅದರೊಳಗೆ ಏನೋ ಅದುರತೊಡಗುತ್ತದೆ. ಇಡೀ ಕಡಲು ಅದರ ಆ ತುದಿಯನ್ನು ಹಿಡಿದು ನಿಮ್ಮನ್ನು ತೂಗಿ ನೋಡುತ್ತದೆ. ಮುಂದಿನವನ ಬೆನ್ನು ವಾಲಿದಾಗ ನಿಮ್ಮ ಬೆನ್ನು ತಾನಾಗಿ ವಾಲುತ್ತದೆ. ಯಾರ ಉಸಿರು ಯಾರದು ಎಂದು ತಿಳಿಯುವುದಿಲ್ಲ. ನನ್ನ ಅಂಗೈಯ ಚರ್ಮ ಸುಲಿಯಿತು. ಮಧ್ಯೆ ಒಮ್ಮೆ ಕಾಲು ಜಾರಿ ಬಿದ್ದೆ; ಹಗ್ಗ ಬಿಡಲು ಹೆದರಿದ ನನ್ನನ್ನೂ ಒಂದಷ್ಟು ದೂರ ಊರವರು ಮೀನಿನ ಜೊತೆಗೆ ಎಳೆದರು. ಬಾಯಿ ತುಂಬ ಮರಳು. ಆದರೆ ಆ ಹಗ್ಗದೊಳಗಿನ ನಡುಕ ಇದೆಯಲ್ಲ, ಅದು ಈಗಲೂ ಒಮ್ಮೊಮ್ಮೆ ಗ್ಲಾಸ್ ಅಂಟಿಸುವಾಗ ಅಂಗೈಯಲ್ಲಿ ಎದ್ದುಬರುತ್ತದೆ.

ಬೆಳ್ಳಿಯ ಗುಡ್ಡವೇನೂ ಬರಲಿಲ್ಲ. ಒಂದಿಷ್ಟು ಬೈಗೆಮೀನು, ಅಷ್ಟಿಷ್ಟು ಬಂಗುಡೆ, ಎರಡು ಬುಟ್ಟಿ ಚಟ್ಲಿ, ಬೇಕಾದಷ್ಟು ಲೋಳೆಮೀನು, ಯಾರದೋ ಒಂದು ಚಪ್ಪಲಿ. ಮರಳಿನ ಮೇಲೆ ಪಾಲು ಹಾಕಿದರು. ಮಾವನ ಚೀಲ ಅರ್ಧ ತುಂಬಿತು. ಎಳೆಸಿಕೊಂಡು ಬಂದ ನನಗೂ ಒಂದು ಪಾಲು ಕೊಟ್ಟರು. ಅದು ಎಳೆದವನ ಪಾಲೋ, ಸಿಕ್ಕಿದ ಮೀನಿನ ಮೇಲಿನ ಕನಿಕರವೋ ಗೊತ್ತಿಲ್ಲ. ಇಷ್ಟೆಲ್ಲ ನಡೆಯುವಾಗ ಒಬ್ಬರೂ ವಿಡಿಯೋ ಮಾಡಿರಲಿಲ್ಲ. ಎಲ್ಲರ ಕೈಯೂ ಹಗ್ಗದ ಮೇಲಿತ್ತು.

ಸಂಜೆ ಜಗಲಿಯಲ್ಲಿ ಮೂರನ್ನೂ ಚಿಕ್ಕಮ್ಮನ ಮುಂದಿಟ್ಟು ಆರಿಸು ಎಂದೆ. ನನ್ನ ಮತ ಸಾಹೇಬರಿಗೆ ಎಂದು ಮೊದಲೇ ಹೇಳಿದೆ. ಅವಳು ಆ ವಿಡಿಯೋವನ್ನು ಬಹಳ ಹೊತ್ತು ನೋಡಿದಳು.

"ಕಣ್ಣ್ ತುಂಬತ್ತ್ ಮಗಾ. ಹಾಂಗ್ ಇತ್ತ್" ಎಂದಳು. "ಆದ್ರೆ ಇವ್ರಿಗೆಲ್ಲ ಪಾಲ್ ಹ್ಯಾಂಗ್ ಕೊಡೂದ್?"

ನಾನು ನಕ್ಕೆ. ಅವಳು ನಗಲಿಲ್ಲ.

"ಚಿಕ್ಕಮ್ಮ, ಅವ್ರ್ ಇಲ್ಲವೇ ಇಲ್ಲ!"

"ಇಲ್ದಿದ್ರೂ ಎಳ್ದಿರಲ್ಲೆ? ನನ್ನ್ ಬಾಟ್ಲಿಗಂತೇಳಿ ಎಳ್ದಿರ್. ಹಗ್ಗ ಮುಟ್ಟಿದವ್ರಿಗ್ ಪಾಲ್ ಕೊಡ್ದೆ ಈ ದಡದಗೆ ಯಾರೂ ಮೀನ್ ಮನಿಗ್ ತಕಂಡ್ ಹೋಯ್ಲಿಲ್ಲೆ. ನಾ ಸುರು ಮಾಡೂದಿಲ್ಲೆ ಮಾರಾಯ." ಮೊಬೈಲನ್ನು ನನ್ನ ಕೈಗಿತ್ತಳು. "ಪಾಲ್ ತಕಂಬೂಕ್ ಬಪ್ಪವ್ರನ್ನ್, ಇದ್ದವ್ರನ್ನ್ ಹಾಕಿ ಮಾಡ್. ಆ ಕಣ್ಣ್ ಹೊಡು ಮೀನಿನ್ ಯಂತ್ರ ಇತ್ತಲ್ಲೆ, ಅದ್ರಗೆ ಮಾಡ್."

ಹಾಗೆ, ಜಗತ್ತಿನ ಶ್ರೇಷ್ಠ ಸಾಧನಗಳ ಸ್ಪರ್ಧೆಯಲ್ಲಿ ಕೀಟಲೆ ಗೆದ್ದಿತು. ಮಂಜಣ್ಣ, ಗಿರಿಜಕ್ಕ, ಇನ್ನೂ ನಾಲ್ಕು ಮಂದಿ ಹಗ್ಗ ಹಿಡಿದು ನಿಂತ ಫೋಟೋ ತೆಗೆದೆ. ಮಂಜಣ್ಣ ಗಡ್ಡ ಬೋಳಿಸಿ ಮದುವೆಗೆ ಹೋಗುವ ಅಂಗಿ ಹಾಕಿಕೊಂಡು ಬಂದಿದ್ದರು. ಆರು ಮಂದಿಗೂ ಚಿಕ್ಕಮ್ಮ ಅಲ್ಲಿಯೇ ಒಂದೊಂದು ಬಾಟಲಿ ಪಾಲು ಕೊಟ್ಟಳು. ಕೀಟಲೆ ತನ್ನ ಪಾಲನ್ನು ನನ್ನ ಕಾರ್ಡಿನಿಂದ ತಾನೇ ತೆಗೆದುಕೊಂಡಿತು.

ಫೋಟೋ ಉಸಿರಾಡಿತು. ಹಗ್ಗ ಬಿಗಿಯಾಯಿತು, ಗಿರಿಜಕ್ಕನ ಸೆರಗು ಗಾಳಿಗೆ ಹಾರಿತು, ಮಂಜಣ್ಣ ಹಿಂದಕ್ಕೆ ವಾಲಿ, ನಮ್ಮ ಕಡೆ ತಿರುಗಿ, ಬಾಯಿ ತುಂಬ ನಕ್ಕರು. ಅಲ್ಲಿ ಮುತ್ತು ಪೋಣಿಸಿದ ಹಾಗೆ ಹಲ್ಲು! ಮಂಜಣ್ಣನ ಎದುರಿನ ಹಲ್ಲುಗಳು ಹೋಗಿ ವರ್ಷಗಳಾಗಿವೆ. ಫೋಟೋದಲ್ಲಿ ಬಾಯಿ ಮುಚ್ಚಿತ್ತು. ಪಾಪ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

"ತಪ್ಪಾಯ್ತು ಮಂಜಣ್ಣ, ಬೇರೆ ಮಾಡ್ತೆ" ಎಂದೆ.

ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಪರದೆಯನ್ನೇ ನೋಡುತ್ತಿದ್ದರು. "ಮುಟ್ಬ್ಯಾಡ" ಎಂದರು ಬೆರಳುಗಳ ಸಂದಿಯಿಂದ. "ಹಿಂಗೇ ಇದ್ದದ್ದ್. ಹಿಂಗೇ ಇತ್ತ್ ನಂಗೆ."

ಗಿರಿಜಕ್ಕ ಬಿಡುವವಳೇ? "ಹಲ್ಲಿಗೂ ಒಂದ್ ಪಾಲ್ ಕೇಳಿ ಮಾರ್ರೆ!" ಎಂದಳು. ಮಂಜಣ್ಣನ ಕಿವಿಗೆ ಅದು ಬೀಳಲೇ ಇಲ್ಲ.

ವಾಸಣ್ಣ ವಿಡಿಯೋ ನೋಡಿ ತಲೆ ಕೆರೆದುಕೊಂಡ. ಕಂಪನಿಯದರಲ್ಲಿ ಹಾಡಿದೆ, ಕುಣಿತವಿದೆ. ಇದರಲ್ಲಿ ಹಗ್ಗ ಮಾತ್ರ. "ಒಂದ್ ವಾರ ಎರ್ಡೂ ಹಾಕ್ತೆ ಲೀಲಕ್ಕ. ಯಾವ್ದ್ರ್ ಎದ್ರ್ ಜನ ನಿಲ್ತ್ರೋ, ಆ ಬಾಟ್ಲಿ ಎದ್ರಿಗೆ." ಚಿಕ್ಕಮ್ಮ ಹೂಂ ಎಂದಳು.

ವಾರದ ಕೊನೆಗೆ ಫಲ ತಿಳಿಯಲು ನಾವಿಬ್ಬರೂ ಕುಂದಾಪುರಕ್ಕೆ ಹೋದೆವು. ಅಂಗಡಿಯ ಎದುರು ಜನ ಗುಂಪುಗೂಡಿದ್ದರು. ಕಪಾಟಿನಲ್ಲಿ ಕಂಪನಿಯ ಪುಡಿ ಇರಲಿಲ್ಲ. ಸಾಲಾಗಿ ಚಿಕ್ಕಮ್ಮನ ಬಾಟಲಿಗಳು, ಆ ಸಾಲಿನಲ್ಲೂ ಅರ್ಧ ಆಗಲೇ ಮಾರಿಹೋಗಿತ್ತು. ಚಿಕ್ಕಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. ಟಿವಿಯ ಕೆಳಗೆ ಮದುವೆಯ ಅಂಗಿ ಹಾಕಿ, ಬೆನ್ನು ನೆಟ್ಟಗೆ ಮಾಡಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಮಂಜಣ್ಣ ನಿಂತಿದ್ದರು. ವಾರವಿಡೀ ಬೆಳಗಿನ ಬಸ್ಸಿಗೆ ಬಂದು ಹೀಗೇ ನಿಲ್ಲುತ್ತಿದ್ದಾರೆ ಎಂದು ವಾಸಣ್ಣ ಪಿಸುಮಾತಿನಲ್ಲಿ ತಿಳಿಸಿದ. ಮೇಲೆ ವಿಡಿಯೋದಲ್ಲಿ ಹಗ್ಗ ಬಿಗಿಯಿತು. ಚೀಲ ಹಿಡಿದ ಹೆಂಗಸೊಬ್ಬಳು ಟಿವಿಯನ್ನು ನೋಡಿದಳು, ಅವರನ್ನು ನೋಡಿದಳು, ಮತ್ತೆ ಟಿವಿಯನ್ನು ನೋಡಿದಳು.

"ಹ್ವಾಯ್, ಅದ್ ನೀವೇ ಅಲ್ದಾ?"

ಮಂಜಣ್ಣ ತುಟಿ ಬಿಚ್ಚದೆ ತಲೆಯಾಡಿಸಿದರು, ಒಂದು ಬಾಟಲಿ ತೆಗೆದು ಅವಳ ಕೈಯಲ್ಲಿಟ್ಟರು, ಆಮೇಲೆ ಮಗುವಿನ ಹಾಗೆ ಕತ್ತೆತ್ತಿ ಟಿವಿಯಲ್ಲಿ ತಮ್ಮ ನಗು ಬರುವುದನ್ನೇ ಕಾಯುತ್ತ ನಿಂತರು.